ಒಂದೇ ಕಡೆ ಸೈನಸ್ಸಾ? ಮೇಲಿನ ಹಲ್ಲು ತೋರಿಸಿದ್ರಾ?

ಹೋದ ಸಂಚಿಕೇಲಿ ಯಾರೋ ಒಬ್ಬರು ಮೇಲಿನ ದವಡೆ ಹಲ್ಲಿನ ರೂಟ್ ಕೆನಾಲ್ ಬಗ್ಗೆ ಕೇಳಿದ್ರು. ಅವರಿಗೆ ಉತ್ತರ ಬರೀತಾ, ಆ ಹಲ್ಲಿನ ಬೇರು ಸೈನಸ್ಸಿಗೆ ತಾಗಿಕೊಂಡೇ ಇರುತ್ತೆ, ಅಲ್ಲಿ ಕೀವಾದ್ರೆ ಮೂಗಲ್ಲೂ ತೊಂದ್ರೆ ಶುರುವಾಗಬಹುದು ಅಂತ ಒಂದು ಸಾಲು ಸೇರಿಸಿದ್ದೆ, ಅಷ್ಟೇ. ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಆ ಸಾಲಿನ ಮೇಲೇನೇ! ಸೈನಸ್ ಇಲ್ಲದ ಮನೆ ಬೆಂಗಳೂರಲ್ಲಿ ಇಲ್ಲ ಅನ್ನೋದು ಗೊತ್ತಿತ್ತು, ಆದ್ರೆ ಇಷ್ಟು ಜನ ಬಾಯಿ ಬೇರೆ ಮೂಗು ಬೇರೆ ಅಂದ್ಕೊಂಡು ಓಡಾಡ್ತಿದ್ದಾರೆ ಅಂತ ಗೊತ್ತಿರಲಿಲ್ಲ. ಹಲ್ಲು ಬಿಳಿ ಮಾಡ್ಸೋದು, ಕ್ಲಿಪ್ ಹಾಕ್ಸೋದು ಕೇಳಿದವರು ದಯವಿಟ್ಟು ಮುಂದಿನ ಸಲದವರೆಗೆ ಕಾಯಿರಿ.

ಪ್ರಶ್ನೆ: ಮೇಡಂ, ನನಗೆ 43 ವರ್ಷ. ಎರಡು ವರ್ಷದಿಂದ ಬಲಗಡೆ ಮಾತ್ರ ಮೂಗು ಕಟ್ಟುತ್ತೆ, ಕೆನ್ನೆ ಭಾರ, ಗಂಟಲಿಗೆ ಕಫ ಇಳೀತಾ ಇರುತ್ತೆ, ಜೊತೆಗೆ ಏನೋ ಕೊಳೆತ ವಾಸನೆ. ಮನೇಲಿ ಕೇಳಿದ್ರೆ ನಮಗೇನೂ ವಾಸನೆ ಬರ್ತಿಲ್ಲ, ನಿನ್ನ ಭ್ರಮೆ ಅಂತಾರೆ. ಇಎನ್‌ಟಿ ಡಾಕ್ಟ್ರು ಡಸ್ಟ್ ಅಲರ್ಜಿ ಅಂತ ಸ್ಪ್ರೇ ಕೊಟ್ಟಿದ್ದಾರೆ. ಆಂಟಿಬಯಾಟಿಕ್ ತಗೊಂಡಾಗ ಹತ್ತು ದಿನ ಆರಾಮ, ಆಮೇಲೆ ಮತ್ತೆ ಅದೇ ಕಥೆ. ಸಿಟಿ ಸ್ಕ್ಯಾನಲ್ಲಿ ಬಲಗಡೆ ಮ್ಯಾಕ್ಸಿಲರಿ ಸೈನಸ್ಸಿನ ಒಳಪದರ ದಪ್ಪ ಆಗಿದೆ ಅಂತ ಬಂದಿದೆ. ಅದೇ ಕಡೆ ಮೇಲಿನ ದವಡೆ ಹಲ್ಲಿಗೆ ತುಂಬಾ ಹಿಂದೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕ್ಸಿದ್ದೆ, ಆದ್ರೆ ಅದು ಒಂದು ಚೂರೂ ನೋವಿಲ್ಲ. ಹಲ್ಲಿನ ಡಾಕ್ಟ್ರಿಗೆ ತೋರಿಸೋ ಅಗತ್ಯ ಇದೆಯಾ?
— ಓದುಗರೊಬ್ಬರು, ವಿಜಯನಗರ

ಉತ್ತರ: ಇದೆ ಕಣಮ್ಮ, ಈ ವಾರಾನೇ ತೋರಿಸಿ. ನೀವು ಬರೆದಿರೋದ್ರಲ್ಲಿ ಮೂರು ವಿಷಯಕ್ಕೆ ನನ್ನ ಕಿವಿ ನೆಟ್ಟಗಾಯ್ತು: ಒಂದೇ ಕಡೆ, ಕೊಳೆತ ವಾಸನೆ, ಅದೇ ಕಡೆ ಹಳೇ ರೂಟ್ ಕೆನಾಲ್.

ಮೊದಲು ವಾಸನೆ ಭ್ರಮೆ ಅಲ್ಲ ಅಂತ ಮನೆಯವರಿಗೆ ಹೇಳಿ. ಹಲ್ಲಿನ ಬೇರಿನ ತುದೀಲಿ ಬೆಳೆಯೋ ಬ್ಯಾಕ್ಟೀರಿಯಾಗಳಲ್ಲಿ ಗಾಳಿ ಬೇಡದ ಜಾತಿಯವೇ ಜಾಸ್ತಿ, ಗಬ್ಬು ವಾಸನೆ ಬರಿಸೋದು ಅವೇ. ಕೀವು ನಿಮ್ಮ ಮೂಗಿನ ಒಳಗಡೆಯಿಂದ ಗಂಟಲಿಗೆ ಇಳಿಯೋದ್ರಿಂದ ನಿಮಗೆ ವಾಸನೆ ಬರುತ್ತೆ, ಪಕ್ಕದಲ್ಲಿ ಕೂತವರಿಗೆ ಗೊತ್ತಾಗದೇ ಇರಬಹುದು. ಡಸ್ಟ್ ಅಲರ್ಜಿ, ಪಾರ್ಥೇನಿಯಂ ಅಲರ್ಜಿ ಇವೆಲ್ಲ ಸಾಮಾನ್ಯವಾಗಿ ಎರಡೂ ಕಡೆ ಕಾಡುತ್ತೆ, ಸೀನು ತುರಿಕೆ ಕಣ್ಣಲ್ಲಿ ನೀರು ಎಲ್ಲಾ ಇರುತ್ತೆ, ನೀರಿನಂಥ ಸಿಂಬಳ ಸುರಿಯುತ್ತೆ. ಧೂಳು ಬಲಗಡೆ ಮೂಗನ್ನೇ ಆರಿಸ್ಕೊಂಡು ಹೋಗಲ್ಲವಲ್ಲ!

ಈಗ ಒಳಗಡೆ ಹೇಗಿದೆ ಅಂತ ಸ್ವಲ್ಪ ಹೇಳ್ತೀನಿ. ಕೆನ್ನೆ ಮೂಳೆಯ ಒಳಗೆ, ಕಣ್ಣಿನ ಕೆಳಗೆ, ಎರಡು ಕಡೆ ಒಂದೊಂದು ಟೊಳ್ಳು ಜಾಗ ಇದೆ, ಅದೇ ಮ್ಯಾಕ್ಸಿಲರಿ ಸೈನಸ್. ಮುಖದಲ್ಲಿರೋ ಸೈನಸ್‌ಗಳಲ್ಲಿ ಇದೇ ದೊಡ್ಡದು, ದೊಡ್ಡವರಲ್ಲಿ ಸುಮಾರು 15 ಎಂಎಲ್ ಹಿಡಿಯುತ್ತೆ. ಇದರ ನೆಲ ಅಂದ್ರೆ ಮೇಲಿನ ದವಡೆ ಹಲ್ಲುಗಳ ಚಾವಣಿ. ಅದರಲ್ಲೂ ಎರಡನೇ ದವಡೆ ಹಲ್ಲು, ಮೊದಲನೇ ದವಡೆ ಹಲ್ಲು, ಇವುಗಳ ಬೇರಿಗೂ ಸೈನಸ್ಸಿಗೂ ನಡುವೆ ಎಷ್ಟೋ ಜನರಲ್ಲಿ ಒಂದು ಮಿಲಿಮೀಟರ್ ಮೂಳೆ ಕೂಡ ಇರಲ್ಲ, ಕೆಲವರಲ್ಲಿ ಬೇರು ಒಳಕ್ಕೇ ಚಾಚಿಕೊಂಡಿರುತ್ತೆ, ಮೇಲೆ ಒಂದು ತೆಳು ಪದರ ಹೊದ್ದಿಸಿದ ಹಾಗೆ ಅಷ್ಟೇ. ಬೇರಿನ ತುದೀಲಿ ಸೋಂಕು ಇದ್ರೆ ಆ ಪದರ ಕೆರಳುತ್ತೆ, ಊದಿಕೊಳ್ಳುತ್ತೆ, ಆಮೇಲೆ ಕೀವು ತುಂಬುತ್ತೆ. ಇನ್ನೊಂದು ಸಮಸ್ಯೆ ಏನಂದ್ರೆ ಈ ಸೈನಸ್ಸಿನಿಂದ ಮೂಗಿಗೆ ತೆರೆಯೋ ಕಿಂಡಿ ಕೆಳಗಡೆ ಇಲ್ಲ, ಮೇಲ್ಗಡೆ ಇದೆ, ನೀರಿನ ಸಂಪ್‌ಗೆ ಔಟ್‌ಲೆಟ್ ಪೈಪ್ ಮುಚ್ಚಳದ ಹತ್ರ ಕೊಟ್ಟ ಹಾಗೆ. ಒಳಗಿರೋ ಸಣ್ಣ ಸಣ್ಣ ರೋಮಗಳು ಕಫಾನ ಮೇಲಕ್ಕೆ ತಳ್ಳಿ ತಳ್ಳಿ ಹೊರಗೆ ಹಾಕಬೇಕು, ಪದರ ಊದಿಕೊಂಡು ಕಿಂಡಿ ಕಟ್ಟಿದ್ರೆ ಮುಗೀತು, ಎಲ್ಲಾ ತಳದಲ್ಲೇ ನಿಲ್ಲುತ್ತೆ.

ನೋವಿಲ್ಲ ಅಂದ್ರಲ್ಲ, ಎಲ್ಲರೂ ಮೋಸ ಹೋಗೋದು ಇಲ್ಲೇ. ರೂಟ್ ಕೆನಾಲಲ್ಲಿ ಹಲ್ಲೊಳಗಿನ ನರ ತೆಗೆದಾಗಿದೆ, ಬಿಸಿ ತಂಪು ಅಂತ ಚುಳ್ ಅನ್ನೋಕೆ ಅಲ್ಲಿ ಏನೂ ಉಳಿದಿಲ್ಲ. ಕೀವಿಗೆ ಮೇಲೆ ಸೈನಸ್ಸಿಗೆ ಹೋಗೋಕೆ ದಾರಿ ಸಿಕ್ಕಿರೋದ್ರಿಂದ ಒತ್ತಡಾನೂ ಕಟ್ಟಲ್ಲ, ವಸಡೂ ಊದಲ್ಲ. ಮೇಲಿನ ಮೊದಲನೇ ದವಡೆ ಹಲ್ಲಲ್ಲಿ ಮೂರು ಬೇರು, ಆದ್ರೆ ತುಂಬಾ ಜನಕ್ಕೆ ಕೆನಾಲ್, ಅಂದ್ರೆ ಬೇರೊಳಗಿನ ನಾಳ, ನಾಲ್ಕು. ಆ ನಾಲ್ಕನೇದು ಕೂದಲೆಳೆ ಥರ ಇರುತ್ತೆ, ನಮ್ಮ ಭಾಷೇಲಿ ಅದಕ್ಕೆ ಎಂಬಿ ಟೂ ಅಂತೀವಿ, ಅದು ಕೈಗೆ ಸಿಗದೇ ಉಳ್ಕೊಂಡ್ರೆ ವರ್ಷಗಟ್ಟಲೆ ಸದ್ದಿಲ್ಲದೆ ಸೋಂಕು ಇಟ್ಕೊಂಡಿರುತ್ತೆ. ಕ್ಯಾಪ್ ಮೇಲಿಂದ ನೋಡಿದ್ರೆ ಫಳಫಳ.

ಮಾಮೂಲಿ ಹಲ್ಲಿನ ಎಕ್ಸ್‌ರೇ ತೆಗೆಸಿ ಏನೂ ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ. ಮೇಲಿನ ದವಡೇಲಿ ಕೆನ್ನೆ ಮೂಳೆ, ಸೈನಸ್, ಬೇರು ಎಲ್ಲಾ ಒಂದರ ಮೇಲೊಂದು ಬಿದ್ದು ಚಿತ್ರ ಗೋಜಲಾಗುತ್ತೆ. ಸಿಬಿಸಿಟಿ ಅಂತ ಹಲ್ಲಿನ ಮೂರು ಆಯಾಮದ ಸ್ಕ್ಯಾನ್ ಇದೆ, ಅದರಲ್ಲಿ ಬೇರಿನ ತುದಿ ಸುತ್ತ ಮೂಳೆ ಕರಗಿದೆಯಾ, ಮೇಲಿನ ಪದರ ಅಲ್ಲೇ ದಪ್ಪ ಆಗಿದೆಯಾ ಅಂತ ಸರಿಯಾಗಿ ಕಾಣುತ್ತೆ. ಇನ್ನೊಂದು ಕೆಲಸ ಮಾಡಿ, ನಿಮ್ಮ ಹತ್ರ ಈಗಾಗ್ಲೇ ಇರೋ ಸಿಟಿ ಸ್ಕ್ಯಾನಿನ ಸಿಡಿ ತಗೊಂಡು ಬನ್ನಿ, ಬರೀ ರಿಪೋರ್ಟ್ ಅಲ್ಲ. ಸೈನಸ್‌ಗೆ ಅಂತ ತೆಗೆದ ಸ್ಕ್ಯಾನಲ್ಲಿ ಹಲ್ಲಿನ ಬೇರು ಕಣ್ಣೆದುರಿಗೇ ಇರುತ್ತೆ, ಆದ್ರೆ ರಿಪೋರ್ಟಲ್ಲಿ ಹಲ್ಲಿನ ಸುದ್ದೀನೇ ಇಲ್ಲದಿರೋದು ಅಪರೂಪ ಏನಲ್ಲ. ಸೈನಸ್ ನೋಡಿ ಅಂತ ಬರೆದಿರ್ತಾರೆ, ಅವರು ಸೈನಸ್ ನೋಡಿರ್ತಾರೆ.

ಇದೇನು ಅಪರೂಪದ ಕಾಯಿಲೆಯಾ ಅಂತ ಕೇಳ್ತೀರಿ. ಹಳೇ ಪಠ್ಯಪುಸ್ತಕಗಳಲ್ಲಿ ಮ್ಯಾಕ್ಸಿಲರಿ ಸೈನಸ್ ತೊಂದರೆಗಳಲ್ಲಿ 10ರಿಂದ 12 ಪರ್ಸೆಂಟ್ ಹಲ್ಲಿನಿಂದ ಅಂತ ಬರೀತಿದ್ರು, ಸಿಟಿ ಸ್ಕ್ಯಾನ್ ಬಂದ ಮೇಲೆ ನಡೆದ ಕೆಲವು ಅಧ್ಯಯನಗಳಲ್ಲಿ, ಬಹಳ ದಿನದಿಂದ ಕಾಡೋ ಕೇಸುಗಳಲ್ಲಿ, ಇದು 40 ಪರ್ಸೆಂಟ್‌ವರೆಗೂ ಹೋಗಿದೆ. ಒಂದೇ ಕಡೆ ಇದ್ರೆ ಅನುಮಾನ ಇನ್ನೂ ಜಾಸ್ತಿ.

ಹಲ್ಲೇ ಮೂಲ ಅಂತ ಗೊತ್ತಾದ್ರೆ ರೂಟ್ ಕೆನಾಲ್ ಮತ್ತೆ ಮಾಡ್ಬೇಕಾಗುತ್ತೆ, ಉಳಿಸೋ ಸ್ಥಿತೀಲಿ ಇಲ್ಲದಿದ್ರೆ ಹಲ್ಲು ಕೀಳ್ಬೇಕಾಗುತ್ತೆ. ಎಷ್ಟೋ ಜನಕ್ಕೆ ಅಷ್ಟರಲ್ಲೇ ಸೈನಸ್ಸೂ ತಿಳಿಯಾಗುತ್ತೆ. ಆಗಲಿಲ್ಲ ಅಂದ್ರೆ ಇಎನ್‌ಟಿಯವರು ಮೂಗಿನ ಮೂಲಕ ಎಂಡೋಸ್ಕೋಪ್ ಹಾಕಿ ಆ ಕಿಂಡಿ ಅಗಲ ಮಾಡ್ತಾರೆ. ಹಲ್ಲು ಹಾಗೇ ಬಿಟ್ಟು ಬರೀ ಸೈನಸ್ ಆಪರೇಷನ್ ಮಾಡಿಸ್ಕೊಂಡವರು ಮತ್ತೆ ಅದೇ ಕಂಪ್ಲೇಂಟ್ ಹೇಳ್ಕೊಂಡು ಬರೋದಿದೆ. ಆಂಟಿಬಯಾಟಿಕ್ ವಿಷಯಾನೂ ಅಷ್ಟೇ, ಸತ್ತ ಹಲ್ಲೊಳಗೆ ರಕ್ತ ಓಡಾಟ ಇಲ್ಲ, ಮಾತ್ರೆ ಅಲ್ಲಿಗೆ ತಲುಪಲ್ಲ, ಹಾಗಾಗಿ ನಿಮ್ಮ ಹತ್ತು ದಿನದ ಆರಾಮ.

ಇಎನ್‌ಟಿ ಡಾಕ್ಟ್ರನ್ನ ಬಿಟ್ಬಿಡಿ ಅಂತ ನಾನು ಹೇಳ್ತಿಲ್ಲ, ಖಂಡಿತ ಇಲ್ಲ. ನಮ್ಮೂರಲ್ಲಿ ಒಂದೇ ಬಿಲ್ಡಿಂಗಲ್ಲಿ ಕೆಳಗಡೆ ಡೆಂಟಲ್ ಕ್ಲಿನಿಕ್, ಮೇಲ್ಗಡೆ ಇಎನ್‌ಟಿ ಇರ್ತಾರೆ, ಒಬ್ಬರಿಗೊಬ್ಬರು ಒಂದು ಫೋನ್ ಮಾಡಲ್ಲ, ನನ್ನ ಸಿಟ್ಟು ಅದರ ಮೇಲೆ. ನೀವೇ ಇಬ್ಬರ ಚೀಟೀನೂ ಇಬ್ಬರಿಗೂ ತೋರಿಸಿ. ಮತ್ತೆ ಒಂದು ಮಾತು: ಒಂದೇ ಕಡೆಯಿಂದ ರಕ್ತ ಬೆರೆತ ಸಿಂಬಳ, ಕೆನ್ನೆ ಜೋಮು ಹಿಡಿಯೋದು, ಕಾರಣವಿಲ್ಲದೆ ಮೇಲಿನ ಹಲ್ಲು ಅಲ್ಲಾಡೋದು ಇದ್ರೆ ಅದು ಬೇರೆಯೇ ದಾರಿ, ಗೆಡ್ಡೆ ಇದೆಯಾ ಅಂತ ನೋಡ್ಬೇಕು, ಅದಕ್ಕೆ ತಡ ಮಾಡೋ ಹಾಗಿಲ್ಲ.

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರಗಳು. ನಾನು ನಿವೃತ್ತ ಬ್ಯಾಂಕ್ ನೌಕರ. ನೆಗಡಿ ಆದಾಗೆಲ್ಲ ಮೇಲಿನ ಹಿಂದಿನ ಹಲ್ಲುಗಳು ಎಲ್ಲಾ ಒಟ್ಟಿಗೆ ನೋಯುತ್ತವೆ. ಬಗ್ಗಿ ಚಪ್ಪಲಿ ಹಾಕಿಕೊಳ್ಳಲು ಹೋದರೆ ಇನ್ನೂ ಹೆಚ್ಚು. ಹಲ್ಲು ಕೀಳಿಸಿಬಿಡಲೇ?
— ಬಸವನಗುಡಿ

ಉತ್ತರ: ಅಯ್ಯೋ ಬೇಡ ಸಾರ್, ಹಲ್ಲುಗಳ ತಪ್ಪೇನೂ ಇಲ್ಲದೇ ಇರಬಹುದು! ನಿಮ್ಮದು ಮೇಲಿನ ಕೇಸಿಗೆ ಉಲ್ಟಾ. ಮೇಲಿನ ಹಲ್ಲುಗಳಿಗೆ ಹೋಗೋ ನರಗಳು ಸೈನಸ್ಸಿನ ಗೋಡೆಯಲ್ಲೇ ಹಾದು ಹೋಗ್ತವೆ, ನೆಗಡಿ ಆಗಿ ಒಳಗೆ ಊದಿಕೊಂಡ್ರೆ ಆ ನರಗಳ ಮೇಲೆ ಒತ್ತಡ ಬೀಳುತ್ತೆ, ಮೆದುಳಿಗೆ ಹಲ್ಲೇ ನೋಯ್ತಿದೆ ಅಂತ ಸುದ್ದಿ ಹೋಗುತ್ತೆ. ಹಲ್ಲಿನ ನೋವು ಸಾಮಾನ್ಯವಾಗಿ ಒಂದು ಹಲ್ಲಿಗೆ ಬೊಟ್ಟು ಮಾಡಿ ತೋರಿಸೋ ಹಾಗಿರುತ್ತೆ, ತಣ್ಣೀರು ತಾಗಿದ್ರೆ ಚುಳ್ ಅಂದು ಎಷ್ಟೋ ಹೊತ್ತು ಎಳೀತಾ ಇರುತ್ತೆ, ರಾತ್ರಿ ನಿದ್ದೆ ಕೊಡಲ್ಲ. ಸೈನಸ್ ನೋವು ಮೂರು ನಾಲ್ಕು ಹಲ್ಲಿಗೆ ಒಟ್ಟಿಗೆ ಬರುತ್ತೆ, ಬಗ್ಗಿದ್ರೆ, ಮೆಟ್ಟಿಲು ಧಡಧಡ ಇಳಿದ್ರೆ, ವಿಮಾನ ಇಳಿಯುವಾಗ ಜಾಸ್ತಿ ಆಗುತ್ತೆ, ನೆಗಡಿ ಹೋದ ಮೇಲೆ ತಾನೇ ಹೋಗುತ್ತೆ.

ಒಂದು ಸಲ ಹಲ್ಲಿನ ಡಾಕ್ಟ್ರ ಹತ್ರ ಪ್ರತಿ ಹಲ್ಲಿಗೂ ತಣ್ಣನೆ ಟೆಸ್ಟ್ ಮಾಡಿಸಿ, ತಟ್ಟಿ ನೋಡ್ತಾರೆ, ವಸಡಿನ ಸುತ್ತ ಅಳತೆ ತಗೋತಾರೆ. ಎಲ್ಲಾ ಸರಿ ಇದ್ರೆ ನೆಗಡಿಗೆ ಔಷಧಿ ಮಾಡಿ ಸಾಕು. ನೆಗಡಿ ಇಲ್ಲದಾಗಲೂ ನೋವು ಉಳ್ಕೊಂಡ್ರೆ ಮಾತ್ರ ಮತ್ತೆ ಬನ್ನಿ. ಈ ಥರ ನೋವಿಗೆ ಒಳ್ಳೇ ಹಲ್ಲು ಕೀಳಿಸ್ಕೊಂಡು, ನೋವು ಹೋಗಲಿಲ್ಲ ಅಂತ ಪಕ್ಕದ್ದೂ ಕೀಳಿಸ್ಕೊಂಡವರಿದ್ದಾರೆ.

ಪ್ರಶ್ನೆ: ಹಾಯ್ ಮೇಡಂ, ಹೋದ ವಾರ ಮೇಲಿನ ದವಡೆ ಹಲ್ಲು ಕೀಳಿಸ್ದೆ. ನಿನ್ನೆಯಿಂದ ನೀರು ಕುಡಿದ್ರೆ ಮೂಗಲ್ಲಿ ಬರ್ತಿದೆ!! ಮೂಗು ಸೀಟಿದ್ರೆ ಬಾಯಲ್ಲಿ ಗಾಳಿ ಬುಸ್ ಅನ್ನುತ್ತೆ. ಪಿಜಿಯಲ್ಲಿ ಫ್ರೆಂಡ್ಸ್ ನಗ್ತಿದ್ದಾರೆ, ನನಗೆ ಭಯ ಆಗ್ತಿದೆ. ತಾನೇ ಸರಿ ಹೋಗುತ್ತಾ?
— ಮಾರತ್‌ಹಳ್ಳಿ

ಉತ್ತರ: ನೋಡಪ್ಪ, ಭಯ ಬೇಡ, ಆದ್ರೆ ಈ ಪುಟ ಓದಿ ಮುಗಿಸಿದ ತಕ್ಷಣ ಹಲ್ಲು ಕಿತ್ತ ಡಾಕ್ಟ್ರಿಗೆ ಫೋನ್ ಮಾಡು. ಹಲ್ಲಿನ ಬೇರು ಸೈನಸ್ಸಿಗೆ ಹತ್ತಿರ ಇದ್ದಿದ್ದಕ್ಕೆ, ಕಿತ್ತ ಜಾಗದಲ್ಲಿ ಬಾಯಿಗೂ ಸೈನಸ್ಸಿಗೂ ನಡುವೆ ತೂತಾಗಿದೆ. ಯಾರಾದ್ರೂ ತಪ್ಪು ಮಾಡಿದ್ರು ಅಂತಲೇ ಅಂದ್ಕೋಬೇಡ, ಎಷ್ಟೇ ನಾಜೂಕಾಗಿ ಕಿತ್ತರೂ ಕೆಲವರ ಮೂಳೆ ಅಷ್ಟು ತೆಳುವಾಗಿರುತ್ತೆ.

ತೂತು 2 ಮಿಲಿಮೀಟರ್ ಒಳಗೆ ಇದ್ರೆ ಸಾಮಾನ್ಯವಾಗಿ ರಕ್ತ ಹೆಪ್ಪುಗಟ್ಟಿ ತಾನೇ ಮುಚ್ಚಿಕೊಳ್ಳುತ್ತೆ. 5 ಮಿಲಿಮೀಟರ್‌ಗಿಂತ ದೊಡ್ಡದಿದ್ರೆ ಪಕ್ಕದ ವಸಡು ಎಳೆದು ಹೊಲಿದು ಮುಚ್ಚಬೇಕು. ನಿನಗೆ ನೀರೇ ಹೋಗ್ತಿದೆ ಅಂದ್ರೆ ತೂತು ಅಷ್ಟೇನೂ ಸಣ್ಣದಲ್ಲ ಅನ್ಸುತ್ತೆ. ಎರಡು ಮೂರು ವಾರ ಹಾಗೇ ಬಿಟ್ರೆ ತೂತಿನ ಒಳಗೋಡೆಗೆ ಚರ್ಮ ಬೆಳೆದು ಅದು ಕಾಯಂ ದಾರಿ ಆಗುತ್ತೆ, ಊಟದ ಚೂರೆಲ್ಲಾ ಮೇಲೆ ಸೇರಿ ಸೈನಸ್ ಕೊಳೆಯೋಕೆ ಶುರು. ಬೇರಿನ ತುಂಡು ಏನಾದ್ರೂ ಮುರಿದು ಒಳಗೆ ಹೋಗಿದೆಯಾ ಅಂತಾನೂ ಎಕ್ಸ್‌ರೇ ತೆಗೆದು ನೋಡ್ಬೇಕು.

ಅಲ್ಲಿವರೆಗೆ ಮೂಗು ಸೀಟಬೇಡ, ಪರೀಕ್ಷೆ ಮಾಡೋಕೆ ಅಂತಾನೂ ಬೇಡ. ಸೀನು ಬಂದ್ರೆ ತಡೆ ಹಿಡೀಬೇಡ, ಬಾಯಿ ತೆಗೆದು ಸೀನು. ಎಳನೀರೇ ಆಗಲಿ ಜ್ಯೂಸೇ ಆಗಲಿ ಸ್ಟ್ರಾ ಹಾಕಿ ಹೀರಬೇಡ, ಸಿಗರೇಟ್ ಅಂತೂ ಮುಟ್ಟಲೇಬೇಡ. ಬಾಯಿ ಮುಕ್ಕಳಿಸೋದು ಜೋರಾಗಿ ಬೇಡ.

ನಿನ್ನ ಫ್ರೆಂಡ್ಸ್‌ಗೆ ಒಂದು ಹಳೇ ಕಥೆ ಹೇಳು. 1651ರಲ್ಲಿ ನಥಾನಿಯಲ್ ಹೈಮೋರ್ ಅಂತ ಇಂಗ್ಲೆಂಡಿನ ಡಾಕ್ಟ್ರು ಈ ಸೈನಸ್ಸಿನ ಬಗ್ಗೆ ವಿವರವಾಗಿ ಬರೆದ, ಅದಕ್ಕೆ ಇವತ್ತಿಗೂ ಅವನ ಹೆಸರು ಅಂಟಿಕೊಂಡಿದೆ. ಅವನು ಬರೆದಿರೋ ಕೇಸಲ್ಲೂ ಇದೇ ಆಗಿತ್ತು, ಹಲ್ಲು ಕಿತ್ತ ಜಾಗದಿಂದ ಒಬ್ಬ ಹೆಂಗಸಿಗೆ ನಿಲ್ಲದೆ ಸೋರ್ತಿತ್ತಂತೆ, ಆಯಮ್ಮ ತೂತೊಳಗೆ ಹಕ್ಕಿಗರಿ ತೂರಿಸಿ ನೋಡಿ, ಅದು ಒಳಗೆ ಹೋಗ್ತಾನೇ ಇದ್ದಿದ್ದು ಕಂಡು ಮೆದುಳಿಗೇ ಹೋಯ್ತು ಅಂತ ಗಾಬರಿಯಾಗಿದ್ಲು. ನೀನು ಮಾತ್ರ ಟೂತ್‌ಪಿಕ್ ಹಾಕಿ ನೋಡೋಕೆ ಹೋಗ್ಬೇಡ ಮಾರಾಯ.

ಪ್ರಶ್ನೆ: ಮಗಳಿಗೆ ಕ್ಲಿಪ್ ಹಾಕ್ಸೋಕೆ ಅಂತ ಓಪಿಜಿ (ಎರಡೂ ದವಡೆ ಒಟ್ಟಿಗೆ ಕಾಣೋ) ಎಕ್ಸ್‌ರೇ ತೆಗೆಸಿದ್ವಿ. ಎಡಗಡೆ ಸೈನಸ್ಸಲ್ಲಿ ಸಿಸ್ಟ್ ಇದೆ ಅಂದ್ರು. ಅವಳಿಗೆ ಏನೂ ತೊಂದ್ರೆ ಇಲ್ಲ. ನೆಟ್ಟಲ್ಲಿ ಓದಿ ಓದಿ ನನಗೇ ಜ್ವರ ಬಂದಿದೆ.
— ಒಬ್ಬ ತಾಯಿ, ಯಲಹಂಕ

ಉತ್ತರ: ನೆಟ್ ಮುಚ್ಚಿ ಮೊದಲು. ಸೈನಸ್ಸಿನ ತಳದಲ್ಲಿ ಗುಮ್ಮಟದ ಆಕಾರದಲ್ಲಿ ನುಣ್ಣಗೆ ಕಾಣೋದು ಬಹುತೇಕ ಸಲ ಲೋಳೆ ಗ್ರಂಥಿ ಕಟ್ಟಿಕೊಂಡು ಆಗಿರೋ ಚೀಲ ಅಷ್ಟೇ. ಬೇರೆ ಯಾವುದಕ್ಕೋ ಎಕ್ಸ್‌ರೇ ತೆಗೆದಾಗ ಕಣ್ಣಿಗೆ ಬೀಳುತ್ತೆ, ಏನೂ ಮಾಡೋದು ಬೇಡ, ಎಷ್ಟೋ ಸಲ ತಾನೇ ಮಾಯ ಆಗುತ್ತೆ. ಅದರ ಕೆಳಗಿರೋ ಹಲ್ಲುಗಳು ಹುಳುಕಾಗಿಲ್ಲ, ಜೀವಂತ ಇವೆ ಅಂತ ಡಾಕ್ಟ್ರ ಹತ್ರ ಖಾತ್ರಿ ಮಾಡ್ಕೊಳ್ಳಿ. ಬೇರಿನಿಂದ ಹುಟ್ಟಿ ಸೈನಸ್ಸಿನ ನೆಲಾನ ಮೇಲಕ್ಕೆ ತಳ್ಳೋ ಸಿಸ್ಟ್ ಬೇರೆ ಥರದ್ದು, ಅದಕ್ಕೆ ಚಿಕಿತ್ಸೆ ಬೇಕೇ ಬೇಕು, ಎರಡನ್ನೂ ಬೇರೆ ಮಾಡಿ ಹೇಳೋಕೆ ಡಾಕ್ಟ್ರಿಗೆ ಬರುತ್ತೆ. ಜ್ವರಕ್ಕೆ ಪ್ಯಾರಾಸಿಟಮಾಲ್.

ಪ್ರಶ್ನೆ: ಅಮ್ಮನಿಗೆ 62, ಶುಗರ್ ಇದೆ, ಮೇಲೆ ಹಿಂದಿನ ಹಲ್ಲುಗಳಿಲ್ಲ. ಇಂಪ್ಲಾಂಟ್‌ಗೆ (ಮೂಳೆಗೆ ಸ್ಕ್ರೂ ಕೂರಿಸಿ ಹಾಕೋ ಹಲ್ಲು) ಹೋದ್ರೆ ಮೂಳೆ ಸಾಲಲ್ಲ, ಸೈನಸ್ ಲಿಫ್ಟ್ ಮಾಡ್ಬೇಕು ಅಂದ್ರು. ಕೋವಿಡ್ ಟೈಮಲ್ಲಿ ಬ್ಲ್ಯಾಕ್ ಫಂಗಸ್ ಸೈನಸ್ಸಿಂದಾನೇ ಬಂದಿದ್ದಲ್ವಾ, ಹೆದರಿಕೆ ಆಗುತ್ತೆ.
— ಜೆ.ಪಿ. ನಗರ

ಉತ್ತರ: ನಿಮ್ಮ ಹೆದರಿಕೆ ಅರ್ಥ ಆಗುತ್ತೆ. 2021ರಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಮೇಲಿನ ಹಲ್ಲುಗಳು ಇದ್ದಕ್ಕಿದ್ದ ಹಾಗೆ ಅಲ್ಲಾಡೋದು, ಬಾಯೊಳಗಿನ ಅಂಗುಳ ಕಪ್ಪಾಗೋದು ನೋಡಿದವರು ಅದನ್ನ ಮರೆಯಲ್ಲ. ಆದ್ರೆ ಅದು ಅಷ್ಟು ಉಗ್ರವಾಗಿದ್ದು ಮುಖ್ಯವಾಗಿ ಕಂಟ್ರೋಲ್ ತಪ್ಪಿದ ಶುಗರ್ ಮತ್ತೆ ಸ್ಟೀರಾಯ್ಡ್ ಎರಡೂ ಸೇರಿದ್ದಕ್ಕೆ. ಇಂಪ್ಲಾಂಟ್‌ಗೂ ಅದಕ್ಕೂ ನೇರ ಗಂಟು ಹಾಕ್ಬೇಡಿ.

ಮೇಲಿನ ಹಲ್ಲು ಹೋದ ಮೇಲೆ ಅಲ್ಲಿ ಮೂಳೆ ಸವೆಯುತ್ತೆ, ಸೈನಸ್ಸೂ ಕೆಳಗೆ ಇಳಿಯುತ್ತೆ, ಹಾಗಾಗಿ ಇಂಪ್ಲಾಂಟ್ ನಿಲ್ಲೋಕೆ ಆಳ ಸಾಲಲ್ಲ. ಲಿಫ್ಟ್ ಅಂದ್ರೆ ಆ ತೆಳು ಪದರಾನ ಹರಿಯದ ಹಾಗೆ ಮೇಲೆತ್ತಿ ಕೆಳಗೆ ಮೂಳೆ ಪುಡಿ ತುಂಬೋದು. ಮೊದಲೇ ಸೈನಸ್ಸಲ್ಲಿ ಕೀವಿದ್ರೆ ಅದರ ಮೇಲೆ ಇದನ್ನ ಮಾಡಿಸೋದು ತೊಂದ್ರೆ ಕೊಂಡು ತಂದ ಹಾಗೆ. ಆದ್ದರಿಂದ ಮೂರು ತಿಂಗಳ ಶುಗರ್ ಸರಾಸರಿ ಟೆಸ್ಟ್, ಸಿಬಿಸಿಟಿ, ಅದರಲ್ಲಿ ಸೈನಸ್ ಮಸುಕಾಗಿದ್ರೆ ಇಎನ್‌ಟಿ ಅಭಿಪ್ರಾಯ, ಇವೆಲ್ಲಾ ಆದ ಮೇಲೇನೇ ಡೇಟ್ ತಗೊಳ್ಳಿ. ಇದ್ಯಾವುದೂ ಕೇಳದೆ ಬರೀ ಆಫರ್ ರೇಟ್ ಹೇಳೋ ಕಡೆಯಿಂದ ಎದ್ದು ಬನ್ನಿ. ಸೆಟ್ ಹಲ್ಲಲ್ಲೂ ಅಮ್ಮ ಚಪಾತಿ ತಿನ್ನಬಹುದು, ಇಂಪ್ಲಾಂಟೇ ಆಗ್ಬೇಕು ಅಂತೇನಿಲ್ಲ, ಅವರನ್ನೂ ಒಂದು ಮಾತು ಕೇಳಿ.

ಪ್ರಶ್ನೆ: ಮೇಲಿನ ಹಲ್ಲು ಕಿತ್ತರೆ ಕಣ್ಣು ಮಂಜಾಗುತ್ತೆ ಅಂತ ಅಜ್ಜಿ ಬಿಡ್ತಿಲ್ಲ. ಲವಂಗ ಇಟ್ಕೊಂಡು, ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡು ದಿನ ದೂಡ್ತಿದ್ದೀನಿ. ಕೆನ್ನೆ ಊದಿದೆ. ದುಡ್ಡಿಂದೂ ಕಷ್ಟ ಇದೆ.
— ವಿದ್ಯಾರ್ಥಿ, ಶ್ರೀರಾಮಪುರ

ಉತ್ತರ: ಹಲ್ಲು ಕಿತ್ತಿದ್ದಕ್ಕೆ ಕಣ್ಣು ಹೋಗಲ್ಲ, ಕಣ್ಣಿನ ನರದ ದಾರೀನೇ ಬೇರೆ, ಅಜ್ಜಿಗೆ ಸಮಾಧಾನವಾಗಿ ಹೇಳಿ. ಆದ್ರೆ ಅಜ್ಜಿಗೆ ಇದನ್ನೂ ಹೇಳಿ: ಸೈನಸ್ಸಿನ ಚಾವಣಿ ಅಂದ್ರೆ ಕಣ್ಣಿನ ಗೂಡಿನ ನೆಲ. ಕೆಟ್ಟ ಹಲ್ಲನ್ನ ಹಾಗೇ ಇಟ್ಕೊಂಡು ಕೀವು ಮೇಲಕ್ಕೆ ಹಬ್ಬಿದ್ರೆ ಆಗ ಕಣ್ಣಿಗೆ ನಿಜವಾಗ್ಲೂ ಅಪಾಯ. ರೆಪ್ಪೆ ಊದೋದು, ಕಣ್ಣು ಮುಂದೆ ಬರೋದು, ಎರಡೆರಡು ಕಾಣೋದು, ಜೋರು ಜ್ವರ, ಇದರಲ್ಲಿ ಒಂದು ಕಂಡ್ರೂ ರಾತ್ರಿ ಎಷ್ಟೇ ಹೊತ್ತಾಗಿರಲಿ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಹೋಗಿ.

ಲವಂಗ ನೋವು ಮರೆಸುತ್ತೆ, ಸೋಂಕು ತೆಗೆಯಲ್ಲ. ಹಬೆಯಿಂದ ಮೂಗು ಸ್ವಲ್ಪ ಸಡಿಲ ಆಗಬಹುದು, ಬಿಸಿನೀರಿನ ಪಾತ್ರೆ ಚೆಲ್ಲಿಕೊಂಡು ಸುಟ್ಟುಕೊಳ್ಳದೆ ಇದ್ರೆ ತೊಂದ್ರೆ ಇಲ್ಲ, ಆದ್ರೆ ಹಲ್ಲಿನ ಬೇರಿಗೆ ಅದು ತಲುಪಲ್ಲ. ದುಡ್ಡಿನ ಚಿಂತೆಗೆ, ಕೋಟೆ ಹತ್ರ ವಿಕ್ಟೋರಿಯಾ ಆಸ್ಪತ್ರೆ ಪಕ್ಕದಲ್ಲೇ ಸರ್ಕಾರಿ ಡೆಂಟಲ್ ಕಾಲೇಜಿದೆ, ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಸ್ಟೇಷನ್‌ನಲ್ಲಿ ಇಳಿದ್ರೆ ನಡೆದು ಹೋಗೋ ದೂರ, ಖರ್ಚು ಪ್ರೈವೇಟ್‌ಗಿಂತ ಎಷ್ಟೋ ಕಮ್ಮಿ. ಬೆಳಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ, ಕ್ಯೂ ಉದ್ದ ಇರುತ್ತೆ. ಆಧಾರ್ ಕಾರ್ಡ್, ಇದ್ರೆ ಬಿಪಿಎಲ್ ಕಾರ್ಡ್, ಹಳೇ ಎಕ್ಸ್‌ರೇ ಏನಾದ್ರೂ ಇದ್ರೆ ಅದೂ ಜೊತೆಗಿರಲಿ. ಮೂಗಲ್ಲೂ ತೊಂದ್ರೆ ಇದೆ ಅಂತ ನೀವೇ ಬಾಯಿಬಿಟ್ಟು ಹೇಳಿ, ಅಗತ್ಯ ಬಿದ್ರೆ ಇಎನ್‌ಟಿಗೆ ಬರೆದು ಕೊಡ್ತಾರೆ. ನಾಳೆ ಬೆಳಗ್ಗೇನೇ ಹೋಗಿ, ಕೆನ್ನೆ ಊದಿದ ಮೇಲೆ ಕಾಯೋ ಹಾಗಿಲ್ಲ. ಅಜ್ಜೀನೂ ಕರ್ಕೊಂಡು ಹೋಗಿ, ಅವರ ಹಲ್ಲೂ ಯಾರೂ ನೋಡಿರಲ್ಲ.